ವಕೀಲರು ಬಂದು ಹೋದ ಮೇಲೆ ಯಾರು?

ಮಾನ್ಯ ಸಂಪಾದಕರೇ,

ಕಳೆದ ವಾರ ನಿಮ್ಮ ಪತ್ರಿಕೆಯ ಜಿಲ್ಲಾ ಪುಟದ ಮೂಲೆಯಲ್ಲಿ ಒಂದು ಪುಟ್ಟ ಸುದ್ದಿ ಇತ್ತು. ನಮ್ಮ ತಾಲ್ಲೂಕಿನ ವಕೀಲರ ಸಂಘವು ಈ ವರ್ಷ ಎಲ್ಲ ಪ್ರೌಢಶಾಲೆಗಳಲ್ಲಿ ಸಂವಿಧಾನ ಮತ್ತು ಕಾನೂನು ಅರಿವಿನ ತರಗತಿ ನಡೆಸಲು ತೀರ್ಮಾನಿಸಿದೆ, ಐವರು ವಕೀಲರ ಸಮಿತಿ ರಚನೆಯಾಗಿದೆ, ಪುಸ್ತಿಕೆ ಮುದ್ರಣಕ್ಕೂ ಬ್ಯಾನರ್‌ಗೂ ಉದ್ಘಾಟನಾ ಸಮಾರಂಭಕ್ಕೂ ದಾನಿಗಳು ಮುಂದೆ ಬಂದಿದ್ದಾರೆ ಎಂದು. ಓದಿ ಸಂತೋಷವಾಯಿತು. ಕೊನೆಯ ಸಾಲಿಗೆ ಬರುವಾಗ ಆ ಸಂತೋಷ ಅರ್ಧಕ್ಕೆ ಇಳಿಯಿತು. ಸಮಿತಿಯವರೆಲ್ಲ ಸಂಭಾವನೆ ಇಲ್ಲದೆ ಸೇವೆ ಸಲ್ಲಿಸುತ್ತಾರೆ, ಸಿಬ್ಬಂದಿಗೆಂದು ಒಂದು ಪೈಸೆಯೂ ಖರ್ಚಾಗುವುದಿಲ್ಲ ಎಂಬುದು ಆ ಸಾಲು. ಅದನ್ನು ಹೆಮ್ಮೆಯಿಂದ ಹೇಳಿದ್ದರು. ನನಗೆ ಅದು ಆ ಕಾರ್ಯಕ್ರಮದ ಆಯುಷ್ಯ ಹೇಳುವ ಜಾತಕದಂತೆ ಕಂಡಿತು.

ನಾನು ಮೂವತ್ತೊಂದು ವರ್ಷ ಸರ್ಕಾರಿ ಪ್ರೌಢಶಾಲೆಗಳಲ್ಲಿ ಸಮಾಜ ವಿಜ್ಞಾನ ಕಲಿಸಿ ನಿವೃತ್ತಳಾದವಳು. ಸೇವೆಯಲ್ಲಿದ್ದಾಗ ಪತ್ರಿಕೆಗೆ ಬರೆಯಬೇಕೆಂದು ಎಷ್ಟೋ ಸಲ ಅನ್ನಿಸಿದರೂ ನಡತೆ ನಿಯಮಗಳು ನೆನಪಾಗಿ ಪೆನ್ನಿನ ಮುಚ್ಚಳ ಹಾಕಿಬಿಡುತ್ತಿದ್ದೆ. ಈಗ ಆ ಅಂಜಿಕೆಯಿಲ್ಲ. ಪತ್ರ ಉದ್ದವಾಗುತ್ತದೆ, ದಯವಿಟ್ಟು ಕತ್ತರಿ ಹಾಕಬೇಡಿ.

ವಕೀಲರು ಶಾಲೆಗೆ ಬರುವುದು ಹೊಸದೇನಲ್ಲ. ನವೆಂಬರ್ ಬಂತೆಂದರೆ ನಮಗೆ ಗೊತ್ತಾಗುತ್ತಿತ್ತು. 9ನೇ ತಾರೀಖು ಕಾನೂನು ಸೇವೆಗಳ ದಿನ, 14 ಮಕ್ಕಳ ದಿನ, 26 ಸಂವಿಧಾನ ದಿನ. ಮೂರರಲ್ಲಿ ಯಾವುದೋ ಒಂದರ ಹಿಂದಿನ ಸಂಜೆ ಫೋನ್ ಬರುತ್ತಿತ್ತು: ನಾಳೆ ಬೆಳಿಗ್ಗೆ ಕಾರ್ಯಕ್ರಮ ಇದೆ, ಮಕ್ಕಳನ್ನು ಕೂಡಿಸಿ. ಮರುದಿನ ಮೊದಲ ಎರಡು ಪೀರಿಯಡ್ ರದ್ದು. ಪ್ರಾರ್ಥನೆ, ಸ್ವಾಗತ, ಪ್ರಾಸ್ತಾವಿಕ ನುಡಿ, ಹಾರ, ಶಾಲು, ಉದ್ಘಾಟನೆ, ಅಧ್ಯಕ್ಷರ ನುಡಿ, ವಂದನಾರ್ಪಣೆ. ಒಂದು ವರ್ಷ ಸುಮ್ಮನೆ ಕುಳಿತಿರಲಾಗದೆ ಹಾಜರಿ ಪುಸ್ತಕದ ಅಂಚಿನಲ್ಲಿ ಸಮಯ ಬರೆದಿಟ್ಟೆ. ಒಟ್ಟು ಒಂದು ಗಂಟೆ ಹತ್ತು ನಿಮಿಷ. ಅದರಲ್ಲಿ ಕಾನೂನಿನ ಮಾತು ಒಂಬತ್ತು ನಿಮಿಷ. ಆ ಒಂಬತ್ತರಲ್ಲೂ 'ಕಾನೂನಿನ ಅಜ್ಞಾನ ಕ್ಷಮಾರ್ಹವಲ್ಲ' ಎಂಬ ಮಾತು ಮೂರು ಸಲ ಬಂತು. ಕಾರ್ಯಕ್ರಮ ಮುಗಿದ ಮೇಲೆ ಎಂಟನೇ ತರಗತಿಯ ಹುಡುಗಿಯೊಬ್ಬಳು ನನ್ನ ಬಳಿ ಬಂದು ಪಿಸುಗುಟ್ಟಿದಳು: "ಮೇಡಂ, ಸಂವಿಧಾನ ಪಾಠ ಓದದಿದ್ದರೆ ಜೈಲಿಗೆ ಹಾಕುತ್ತಾರೆಯೇ?"

ಇದರಲ್ಲಿ ವಕೀಲರ ತಪ್ಪು ಹುಡುಕುವುದು ಅನ್ಯಾಯ. ಶಾಲೆಯ ಗಂಟೆ ಹೊಡೆಯುವ ಹೊತ್ತಿಗೇ ನ್ಯಾಯಾಲಯದ ಕಲಾಪವೂ ಶುರುವಾಗುತ್ತದೆ. ನಮ್ಮಲ್ಲಿಗೆ ಬಂದವರ ಕಣ್ಣು ಮಕ್ಕಳ ಮೇಲಿದ್ದರೂ ಕಿವಿ ಮೇಜಿನ ಮೇಲಿಟ್ಟ ಮೊಬೈಲ್ ಮೇಲಿರುತ್ತದೆ. ಅದು ಒಮ್ಮೆ ನಡುಗಿತೆಂದರೆ ಅತ್ತಲಿಂದ ಕಿರಿಯ ವಕೀಲರ ಧ್ವನಿ: "ಸರ್, ನಮ್ಮ ಕೇಸು ಕೂಗುತ್ತಿದ್ದಾರೆ." ಪಾಪ, ಕಕ್ಷಿದಾರನನ್ನು ಕಟಕಟೆಯ ಬಳಿ ನಿಲ್ಲಿಸಿ ಇಲ್ಲಿ ಮಕ್ಕಳಿಗೆ ಸಮಾನತೆಯ ಹಕ್ಕು ಹೇಳುತ್ತ ಕೂರಲು ಯಾರಿಂದ ಸಾಧ್ಯ? ಅವರು ಓಡುತ್ತಾರೆ. ಮುಂದಿನ ನವೆಂಬರ್‌ವರೆಗೆ ನಾವೂ ಮರೆಯುತ್ತೇವೆ.

ನನ್ನ ಸೇವೆಯ ಕೊನೆಯ ವರ್ಷಗಳಲ್ಲಿ ಮಾತ್ರ ಎರಡು ವರ್ಷ ಬೇರೆ ಥರ ನಡೆಯಿತು. ಸಂಘದ ಆರು ಮಂದಿ ಹಿರಿಯ ವಕೀಲರು ತಿಂಗಳಿಗಿಷ್ಟು ಎಂದು ಕೈಯಿಂದ ಹಾಕಿ, ಕಾನೂನು ಪದವಿ ಮುಗಿಸಿ ವಕೀಲಿಕೆಯ ಸನ್ನದು ಪಡೆದಿದ್ದ ಒಬ್ಬ ತರುಣಿಯನ್ನು ಶಾಲಾ ಕಾರ್ಯಕ್ರಮದ ಸಂಯೋಜಕಿಯೆಂದು ನೇಮಿಸಿದರು. ಅವಳ ಕೈಯಲ್ಲಿ ಹದಿನಾಲ್ಕು ಪ್ರೌಢಶಾಲೆಗಳು, ಒಂದು ಬಸ್ ಪಾಸ್, ಒಂದು ಉದ್ದನೆಯ ನೋಟ್‌ಬುಕ್. ಮಕ್ಕಳು ಅವಳನ್ನು 'ಲಾಯರ್ ಅಕ್ಕ' ಎನ್ನುತ್ತಿದ್ದರು. ಅವಳು ವೇದಿಕೆ ಹತ್ತಿದ್ದನ್ನು ನಾನು ನೋಡಿಲ್ಲ.

ಮೊದಲ ದಿನ ಅವಳು ಬಂದು ಕೇಳಿದ್ದು ನಮ್ಮ ವೇಳಾಪಟ್ಟಿಯನ್ನು. ಎಂಟು, ಒಂಬತ್ತು, ಹತ್ತನೇ ತರಗತಿಗಳ ಸಮಾಜ ವಿಜ್ಞಾನದ ಪೀರಿಯಡ್‌ಗಳು ಯಾವ ದಿನ, ಎಷ್ಟನೆಯದು, ಪರೀಕ್ಷೆ ಎಂದು, ಪಾಠ ಎಲ್ಲಿಗೆ ಬಂದಿದೆ ಎಂದು ಬರೆದುಕೊಂಡಳು. ನಂತರ ಗೋಡೆಗೆ ಬೀಗವಿದ್ದ ಒಂದು ತಗಡಿನ ಡಬ್ಬಿ ಹಾಕಿಸಿದಳು. ಹೆಸರು ಬರೆಯಬೇಕಾಗಿಲ್ಲ, ಪ್ರಶ್ನೆ ಬರೆದು ಹಾಕಿ ಎಂದಳು. ವಾರದಲ್ಲಿ ಒಂದು ದಿನ ಬಂದು ಚೀಟಿಗಳನ್ನು ಒಯ್ಯುತ್ತಿದ್ದಳು. ಅವುಗಳನ್ನು ವಿಂಗಡಿಸಿ, ಯಾವ ಪ್ರಶ್ನೆಗೆ ಯಾವ ವಕೀಲರು ಸರಿ ಎಂದು ನೋಡಿ, ಅವರ ಕೇಸುಗಳ ವಾಯಿದೆ ಯಾವ ದಿನ ಇಲ್ಲ ಎಂದು ಕೇಳಿ ತಿಳಿದು ತರಗತಿ ಗೊತ್ತುಮಾಡುತ್ತಿದ್ದಳು. ಒಬ್ಬರಿಗೆ ಆಗದಿದ್ದರೆ ಇನ್ನೊಬ್ಬರ ಹೆಸರು ನೋಟ್‌ಬುಕ್‌ನಲ್ಲಿ ಮೊದಲೇ ಇರುತ್ತಿತ್ತು. ಎರಡು ವರ್ಷದಲ್ಲಿ ನಮ್ಮ ಶಾಲೆಯಲ್ಲಿ ತರಗತಿ ತಪ್ಪಿದ್ದು ಎರಡೇ ಸಲ. ಅದರಲ್ಲಿ ಒಂದು ಮಳೆಗೆ.

ಆ ಚೀಟಿಗಳನ್ನು ಓದುವಾಗ ನನ್ನ ಮೂವತ್ತು ವರ್ಷದ ಪಾಠದ ಬಗ್ಗೆ ಸ್ವಲ್ಪ ನಾಚಿಕೆಯಾಯಿತು. ಸಂವಿಧಾನ ಬರೆಯಲು ಎಷ್ಟು ಕಾಲ ಹಿಡಿಯಿತು ಎಂದರೆ 2 ವರ್ಷ 11 ತಿಂಗಳು 18 ದಿನ ಎಂದು ನನ್ನ ಮಕ್ಕಳು ಒಂದೇ ಉಸಿರಿಗೆ ಒಪ್ಪಿಸುತ್ತಿದ್ದರು. ಅದೇ ಮಕ್ಕಳು ಡಬ್ಬಿಗೆ ಹಾಕಿದ್ದು ಇಂಥವು: ಅಣ್ಣನನ್ನು ಪೊಲೀಸರು ಕರೆದುಕೊಂಡು ಹೋದರೆ ಎಷ್ಟು ದಿನ ಇಟ್ಟುಕೊಳ್ಳಬಹುದು? ಬಡ್ಡಿಗೆ ಸಾಲ ಕೊಟ್ಟವರು ಮನೆಗೆ ನುಗ್ಗಬಹುದೇ? ನನ್ನಂಥ ಹುಡುಗನನ್ನು ಲಾಕಪ್‌ನಲ್ಲಿ ಹಾಕುತ್ತಾರೆಯೇ? ಬಂಧಿಸಿದವರನ್ನು 24 ಗಂಟೆಯೊಳಗೆ ಮ್ಯಾಜಿಸ್ಟ್ರೇಟರ ಮುಂದೆ ಹಾಜರುಪಡಿಸಬೇಕು ಎಂಬ 22ನೇ ವಿಧಿ ನಮ್ಮ ಪುಸ್ತಕದಲ್ಲಿ ಸಾಲಿನ ನಡುವೆ ಎಲ್ಲೋ ಇರುತ್ತದೆ. ಮಗುವನ್ನು ಯಾವ ಸಂದರ್ಭದಲ್ಲೂ ಲಾಕಪ್‌ನಲ್ಲಿ ಇಡುವಂತಿಲ್ಲ ಎಂದು 2015ರ ಬಾಲನ್ಯಾಯ ಕಾಯ್ದೆ ಹೇಳುವುದು ನನಗೇ ಸರಿಯಾಗಿ ತಿಳಿದಿರಲಿಲ್ಲ.

ಒಂದು ತರಗತಿಯನ್ನು ಹೇಳಲೇಬೇಕು. ಒಂಬತ್ತನೇ ತರಗತಿಯ ಚೀಟಿಗಳಲ್ಲಿ ಬೈಕಿನ ಪ್ರಶ್ನೆಗಳೇ ಹೆಚ್ಚಿದ್ದವು. ಶಾಲೆಯ ಹಿಂದಿನ ಬೇಲಿಯ ಪಕ್ಕ ದಿನವೂ ನಾಲ್ಕು ಬೈಕುಗಳು ನಿಲ್ಲುತ್ತಿದ್ದದ್ದು ನಮಗೆಲ್ಲ ಗೊತ್ತಿತ್ತು, ನೋಡಿಯೂ ನೋಡದವರಂತೆ ಇದ್ದೆವು. ಅಪಘಾತ ಪ್ರಕರಣಗಳನ್ನೇ ನಡೆಸುವ ವಕೀಲರೊಬ್ಬರು ಆ ದಿನ ಬಂದರು. ಅಪ್ರಾಪ್ತರು ವಾಹನ ಓಡಿಸಿ ಅಪರಾಧವಾದರೆ ಪೋಷಕರೂ ವಾಹನದ ಮಾಲೀಕರೂ ತಪ್ಪಿತಸ್ಥರಾಗುತ್ತಾರೆ, ಮೋಟಾರು ವಾಹನ ಕಾಯ್ದೆಯ 2019ರ ತಿದ್ದುಪಡಿಯಂತೆ ಮೂರು ವರ್ಷದವರೆಗೆ ಜೈಲು, 25,000 ರೂಪಾಯಿ ದಂಡ ಎಂದರು. ಹಿಂದಿನ ಬೆಂಚಿನ ಹುಡುಗ ಎದ್ದು, "ಓಡಿಸುವವನು ನಾನು, ಜೈಲಿಗೆ ಹೋಗುವವರು ಅಪ್ಪನೇ? ಅದ್ಯಾವ ನ್ಯಾಯ?" ಎಂದ. ವಕೀಲರು ಗದರಲಿಲ್ಲ. "ನೀನೇ ನ್ಯಾಯಾಧೀಶನಾಗಿದ್ದರೆ ಏನು ಮಾಡುತ್ತಿದ್ದೆ?" ಎಂದು ಕೇಳಿದರು. ಇಪ್ಪತ್ತು ನಿಮಿಷ ತರಗತಿ ಹೊತ್ತಿ ಉರಿಯಿತು. ಕೀಲಿ ಕದ್ದು ಒಯ್ದಿದ್ದರೆ? ಅಪ್ಪನೇ ಕೊಟ್ಟಿದ್ದರೆ? ತಮಗೆ ಗೊತ್ತಿರಲಿಲ್ಲವೆಂದೋ, ತಡೆಯಲು ಯತ್ನಿಸಿದ್ದೆವೆಂದೋ ಪೋಷಕರೇ ಸಾಬೀತುಪಡಿಸಬೇಕು ಎಂಬಲ್ಲಿಗೆ ಮಾತು ಬಂದಾಗ ಎಲ್ಲರೂ ತಮ್ಮ ತಮ್ಮ ಅಪ್ಪಂದಿರನ್ನು ಮನಸ್ಸಿನಲ್ಲೇ ಕಟಕಟೆಗೆ ನಿಲ್ಲಿಸಿದ್ದರು. ಕೊನೆಗೆ ವಕೀಲರು, ಹಾಗೆ ಓಡಿಸಿ ಅಪರಾಧ ಮಾಡಿದ ಹುಡುಗನಿಗೆ ಇಪ್ಪತ್ತೈದು ವರ್ಷ ತುಂಬುವವರೆಗೆ ಲೈಸೆನ್ಸ್ ಸಿಗುವುದಿಲ್ಲ ಎಂದಾಗ ಬಿದ್ದ ಮೌನ ಇನ್ನೂ ನನ್ನ ಕಿವಿಯಲ್ಲಿದೆ. ಜೈಲಿಗೂ ದಂಡಕ್ಕೂ ಹೆದರದವರು ಇದಕ್ಕೆ ಹೆದರಿದರು. ಮುಂದಿನ ವಾರ ಬೇಲಿಯ ಪಕ್ಕ ಎರಡು ಬೈಕುಗಳಿದ್ದವು. ಎರಡು ಉಳಿದುಕೊಂಡವು, ಸುಳ್ಳು ಹೇಳುವುದಿಲ್ಲ.

ಆ ವಕೀಲರು ಒಳ್ಳೆಯ ಮಾತುಗಾರರು ನಿಜ. ಆದರೆ ಆ ತರಗತಿಗೆ ಆ ವಿಷಯವೇ ಬೇಕು ಎಂದು ಅವರಿಗೆ ಹೇಳಿದ್ದು ಯಾರು? ಅಪ್ಪ, ಮಗ, ಬೈಕಿನ ಕತೆಯೊಂದನ್ನು ಒಂದು ಪುಟದಲ್ಲಿ ಬರೆದು, ಅದರಲ್ಲಿ 'ಸಂಜ್ಞೇಯ', 'ಅಪಕೃತ್ಯ' ಮುಂತಾದ ಪದಗಳನ್ನೆಲ್ಲ ಕಿತ್ತು ಹದಿನಾಲ್ಕರ ಮಕ್ಕಳಿಗೆ ತಿಳಿಯುವ ಕನ್ನಡ ಮಾಡಿ ನಲವತ್ತು ಪ್ರತಿ ತೆಗೆಸಿ ತಂದದ್ದು ಯಾರು? ನಮ್ಮ ಸಂಯೋಜಕಿ. ಅವಳ ಹೆಸರು ಯಾವ ವರದಿಯಲ್ಲೂ ಇರಲಿಲ್ಲ.

ಇನ್ನೊಂದು ಪ್ರಸಂಗ ನನಗೇ ಮುಜುಗರ ತರುವಂಥದ್ದು. ಆ ಎರಡನೇ ವರ್ಷ ಎಂಟನೇ ತರಗತಿಯಲ್ಲಿ ಅಣಕು ನ್ಯಾಯಾಲಯ ನಡೆಯಿತು. ಕದ್ದ ಸೈಕಲ್ಲಿನ ಮೊಕದ್ದಮೆ. ಸರ್ಕಾರಿ ವಕೀಲನಾದ ಹುಡುಗ ಆರೋಪಿಯತ್ತ ಕೈ ತೋರಿಸಿ, "ಮುಖ ನೋಡಿದರೇ ಕಳ್ಳನೆಂದು ಗೊತ್ತಾಗುತ್ತದೆ ಮಹಾಸ್ವಾಮಿ" ಎಂದ. ನ್ಯಾಯಾಧೀಶೆಯಾಗಿ ಕುಳಿತಿದ್ದ ಹುಡುಗಿ ತಲೆಯನ್ನೂ ಎತ್ತದೆ, "ಮುಖ ಸಾಕ್ಷಿಯಲ್ಲ, ಮುಂದೆ ಹೇಳಿ" ಎಂದಳು. ನಾವೆಲ್ಲ ನಕ್ಕೆವು. ಹತ್ತು ದಿನ ಕಳೆದಿರಬೇಕು. ಅದೇ ತರಗತಿಯಲ್ಲಿ ಒಬ್ಬಳ ಜಾಮಿಟ್ರಿ ಬಾಕ್ಸ್ ಕಾಣೆಯಾಯಿತು. ಇಂಥದ್ದೇನಾದರೂ ಆದರೆ ನಾನು ನೇರವಾಗಿ ಹೋಗುವ ಒಂದು ಬೆಂಚಿತ್ತು, ಆ ಬೆಂಚಿನಲ್ಲಿ ಒಬ್ಬ ಹುಡುಗನಿದ್ದ. ಅವನ ಚೀಲಕ್ಕೆ ಕೈ ಹಾಕಿದ್ದೆ. ಹಿಂದಿನಿಂದ ಮೆಲ್ಲನೆಯ ಧ್ವನಿ: "ಮೇಡಂ, ಸಾಕ್ಷಿ ಏನಿದೆ?" ಕೇಳಿದವಳು ಆ ಹುಡುಗಿಯೇ. ತರಗತಿ ಉಸಿರು ಹಿಡಿದಿತ್ತು. ನಾನು ಕೈ ತೆಗೆದೆ. ಬಾಕ್ಸ್ ಸಂಜೆ ಲ್ಯಾಬಿನಲ್ಲಿ ಸಿಕ್ಕಿತು. ಸಿಗದೇ ಹೋಗಿದ್ದರೂ ಪ್ರಶ್ನೆ ಸರಿಯೇ. ಮರುದಿನ ಆ ಹುಡುಗನಲ್ಲಿ ಎಲ್ಲರೆದುರು ತಪ್ಪಾಯಿತು ಎಂದೆ. ಅದುವರೆಗೆ ಎಷ್ಟು ಚೀಲಗಳನ್ನು ಹೀಗೆ ತಡಕಿದ್ದೆನೋ, ಲೆಕ್ಕವಿಟ್ಟವರಿಲ್ಲ.

ಈಗ ಕಷ್ಟದ ಮಾತಿಗೆ ಬರುತ್ತೇನೆ. ಒಂದು ಮಂಗಳವಾರ ಡಬ್ಬಿಯಲ್ಲಿ ಸಿಕ್ಕಿದ ಚೀಟಿಯಲ್ಲಿ ಪ್ರಶ್ನೆ ಇರಲಿಲ್ಲ. "ಅಕ್ಕನಿಗೆ ಹದಿನಾರು. ಮುಂದಿನ ತಿಂಗಳು ಮದುವೆ" ಎಂದಷ್ಟೇ ಇತ್ತು. ಹಿಂದಿನ ವಾರ ವಕೀಲೆಯೊಬ್ಬರು ಬಂದು 2006ರ ಬಾಲ್ಯವಿವಾಹ ನಿಷೇಧ ಕಾಯ್ದೆ ವಿವರಿಸಿದ್ದರು. ಹೆಣ್ಣಿಗೆ 18, ಗಂಡಿಗೆ 21 ತುಂಬಿರಬೇಕು, ಕರ್ನಾಟಕದ ತಿದ್ದುಪಡಿಯಂತೆ ಇಲ್ಲಿ ಅಂಥ ಮದುವೆ ಆರಂಭದಿಂದಲೇ ಅಸಿಂಧು ಎಂದಿದ್ದರು. ಅವರು ಹೇಳಿ ಹೋದರು. ಚೀಟಿ ಬಂದದ್ದು ಹೋದ ಮೇಲೆ. ಮಕ್ಕಳು ಹೀಗೇ, ಕೇಳಿದ್ದನ್ನು ಮನೆಗೆ ಒಯ್ದು, ರಾತ್ರಿ ಮಲಗಿ ಎದ್ದು, ನಾಲ್ಕು ದಿನ ನುಂಗಿ, ಆಮೇಲೆ ಬರೆಯುತ್ತಾರೆ. ಆ ಚೀಟಿ ಸಂಯೋಜಕಿಯ ಕೈಗೆ ಸಿಕ್ಕಿತು. ಅಕ್ಷರ ಯಾರದೆಂದು ಅವಳು ಯಾರನ್ನೂ ಕೇಳಲಿಲ್ಲ, ನನ್ನನ್ನೂ ಕೇಳಲು ಬಿಡಲಿಲ್ಲ. ಎಲ್ಲ ತರಗತಿಗಳಲ್ಲೂ ಮಕ್ಕಳ ಸಹಾಯವಾಣಿ 1098ರ ಬಗ್ಗೆ ಮತ್ತೊಮ್ಮೆ ಹೇಳಿ, ಆ ದಿನ ಸಂಜೆಯವರೆಗೆ ಶಾಲೆಯ ಗ್ರಂಥಾಲಯದ ಬಾಗಿಲು ತೆರೆದಿಟ್ಟು ಕುಳಿತಳು. ನಾಲ್ಕೂವರೆಗೆ ಒಬ್ಬಳು ಬಂದಳು. ಮುಂದಿನದು ನಿಯಮದಂತೆ ನಡೆಯಿತು, ಮಕ್ಕಳ ರಕ್ಷಣಾ ಅಧಿಕಾರಿಗಳು ಬಂದರು, ಮದುವೆ ನಿಂತಿತು. ಆ ಮನೆಯವರು ನನ್ನೊಡನೆ ಇಂದಿಗೂ ಮಾತನಾಡುವುದಿಲ್ಲ.

ಸಂಪಾದಕರೇ, ವರ್ಷಕ್ಕೊಮ್ಮೆ ಭಾಷಣ ಮಾಡಿ ಹೋಗುವ ವ್ಯವಸ್ಥೆಯಲ್ಲಿ ಆ ಚೀಟಿ ಎಲ್ಲಿ ಹೋಗುತ್ತಿತ್ತು? ಮಕ್ಕಳಿಗೆ ಹಕ್ಕು ಇದೆಯೆಂದು ಹೇಳಿ, ಅವರು ಬಾಯಿ ಬಿಡುವ ಹೊತ್ತಿಗೆ ಕೇಳಿಸಿಕೊಳ್ಳಲು ಯಾರೂ ಇಲ್ಲದಂತೆ ಮಾಡುವುದು ಹೇಳದೇ ಇರುವುದಕ್ಕಿಂತ ಕೆಟ್ಟದ್ದು ಎಂದು ನನಗನ್ನಿಸುತ್ತದೆ.

ಎರಡು ವರ್ಷದ ನಂತರ ಆರು ಮಂದಿಯಲ್ಲಿ ಒಬ್ಬರು ತೀರಿಕೊಂಡರು, ಇಬ್ಬರು ಸಂಘದ ಚುನಾವಣೆಯ ಮನಸ್ತಾಪದಲ್ಲಿ ಹಿಂದೆ ಸರಿದರು. ಉಳಿದ ಮೂವರು ನಾಲ್ಕು ತಿಂಗಳು ಎಳೆದರು. ಆ ತರುಣಿಗೂ ಮನೆಯಿತ್ತು, ಬಾಡಿಗೆಯಿತ್ತು. ಅವಳು ವಕೀಲಿಕೆಗೆ ಹೋದಳು, ಹೋಗಬೇಕಾದ್ದೇ. ಹೋಗುವ ಮುಂಚೆ ಡಬ್ಬಿಯ ಕೀಲಿಯನ್ನು ಲಕೋಟೆಯಲ್ಲಿ ಹಾಕಿ ನನಗೆ ಕೊಟ್ಟಳು. ಮಕ್ಕಳು ಇನ್ನೂ ಕೆಲವು ತಿಂಗಳು ಚೀಟಿ ಹಾಕುತ್ತಲೇ ಇದ್ದರು. ತೆರೆದು ಓದುತ್ತಿದ್ದೆ. ಕೆಲವಕ್ಕೆ ಉತ್ತರ ಹುಡುಕಿ ಹೇಳಿದೆ, ಹಲವಕ್ಕೆ ಗೊತ್ತಾಗಲಿಲ್ಲ. ನನ್ನ ಹತ್ತನೇ ತರಗತಿಯ ಫಲಿತಾಂಶ, ಚುನಾವಣಾ ಕೆಲಸ, ಕಂಪ್ಯೂಟರ್‌ಗೆ ತುಂಬಬೇಕಾದ ಮಾಹಿತಿ ಇವುಗಳ ನಡುವೆ ಒಂದು ದಿನ ಡಬ್ಬಿಯನ್ನೇ ಗೋಡೆಯಿಂದ ಇಳಿಸಿದೆ. ಉತ್ತರ ಕೊಡಲಾಗದ ಮೇಲೆ ಪ್ರಶ್ನೆ ಕೇಳಿಸಿಕೊಳ್ಳುವಂತೆ ನಟಿಸಬಾರದು ಎಂದುಕೊಂಡೆ. ಈಗಲೂ ಅದು ಸರಿಯಾಗಿತ್ತೇ ಎಂಬ ಅನುಮಾನವಿದೆ.

"ಶಿಕ್ಷಕರೇ ಮಾಡಬಹುದಲ್ಲ" ಎನ್ನುವವರಿಗೆ ಇಷ್ಟರಲ್ಲೇ ಉತ್ತರ ಸಿಕ್ಕಿರಬೇಕು. ಸಮಯದ ಮಾತು ಒಂದಾದರೆ, ನಾವು ಶಾಲೆಯ ಒಳಗಿನವರು ಎಂಬುದು ಇನ್ನೊಂದು. ಚೀಲಕ್ಕೆ ಕೈ ಹಾಕುವವಳ ಬಳಿ ಮಗು ಏನನ್ನು ಹೇಳೀತು? ಕಾನೂನು ಕಾಲೇಜಿನ ವಿದ್ಯಾರ್ಥಿಗಳು ಬರಬಹುದು, ಬರಲಿ. 1972ರಲ್ಲಿ ವಾಷಿಂಗ್ಟನ್ನಿನ ಜಾರ್ಜ್‌ಟೌನ್ ವಿಶ್ವವಿದ್ಯಾಲಯದ ಕಾನೂನು ವಿದ್ಯಾರ್ಥಿಗಳು ಅಲ್ಲಿನ ಪ್ರೌಢಶಾಲೆಗಳಿಗೆ ಹೋಗಿ ನಿತ್ಯಜೀವನದ ಕಾನೂನು ಕಲಿಸಲು ಶುರುಮಾಡಿದ್ದು ಇಂದಿಗೂ ನಿಂತಿಲ್ಲ, ಬೇರೆ ದೇಶಗಳಿಗೂ ಹಬ್ಬಿದೆ. ಆದರೆ ಅಲ್ಲಿ ಹಾಗೆ ಕಲಿಸುವುದು ವಿದ್ಯಾರ್ಥಿಗಳ ಓದಿನ ಭಾಗ, ಹಿಂದೆ ನಿಂತು ನಡೆಸುವವರಿಗೆ ಅದೇ ನೌಕರಿ. ನಮ್ಮಲ್ಲಿ ಸೆಮಿಸ್ಟರ್ ಪರೀಕ್ಷೆ ಬಂತೆಂದರೆ ಉತ್ಸಾಹಿಗಳೆಲ್ಲ ಒಮ್ಮೆಗೇ ಮಾಯ. ಅವರನ್ನು ಕೂಡಿಸಿ, ತರಬೇತಿ ಕೊಟ್ಟು, ಬಸ್ ಹತ್ತಿಸಲೂ ಒಬ್ಬರು ಬೇಕಲ್ಲ.

ಹಣ ಯಾರೂ ಕೊಡುವುದಿಲ್ಲ ಎಂಬುದು ಪೂರ್ತಿ ನಿಜವಲ್ಲ. ನಮ್ಮ ಶಾಲೆಗೆ ದಾನಿಗಳು ಬೆಂಚು ಕೊಟ್ಟರು, ಬೆನ್ನಿನ ಮೇಲೆ ಹೆಸರು ಬರೆಸಿದರು. ನೀರಿನ ಫಿಲ್ಟರ್ ಕೊಟ್ಟರು, ನೀರಿಗಿಂತ ಮೊದಲು ಹೆಸರು ಕಾಣುತ್ತಿತ್ತು. ನೋಟ್‌ಬುಕ್ ಕೊಟ್ಟರು, ಹಿಂಬದಿಯ ರಟ್ಟಿನ ಮೇಲೆ ದಾನಿಯ ಭಾವಚಿತ್ರ. ಮನುಷ್ಯರ ಸಂಬಳದ ಮೇಲೆ ಹೆಸರು ಬರೆಸಲು ಜಾಗವಿಲ್ಲ. ತೊಡಕಿರುವುದು ಅಲ್ಲಿ. ಆರು ಮಂದಿ ವಕೀಲರು ಹಣ ಕೇಳಲು ಹೋದಾಗ ನಾನೂ ಒಮ್ಮೆ ಜೊತೆಗಿದ್ದೆ. "ಪುಸ್ತಕ ಬೇಕಾದರೆ ಹೇಳಿ, ಐದು ಸಾವಿರ ಪ್ರತಿ ಹಾಕಿಸಿಕೊಡುತ್ತೇವೆ, ಸಂಬಳ ಮಾತ್ರ ನಮ್ಮಲ್ಲಿ ಬರುವುದಿಲ್ಲ" ಎಂದರು ಅಲ್ಲಿನವರು. ಪುಸ್ತಕಗಳು ಬಂದವು ಕೂಡ. ಮುಖ್ಯ ಶಿಕ್ಷಕರ ಕೋಣೆಯ ಬೀರುವಿನ ಮೇಲೆ ಕಟ್ಟು ಬಿಚ್ಚದ ಎರಡು ಗಂಟುಗಳು ನಾನು ನಿವೃತ್ತಳಾಗುವ ದಿನವೂ ಇದ್ದವು. ಅವುಗಳಲ್ಲಿರುವುದೆಲ್ಲ ಭಾರತೀಯ ದಂಡ ಸಂಹಿತೆಯ ಕಲಮುಗಳು. 2024ರ ಜುಲೈ 1ರಿಂದ ಅದರ ಜಾಗಕ್ಕೆ ಭಾರತೀಯ ನ್ಯಾಯ ಸಂಹಿತೆ ಬಂದಿದೆ, ಕಲಮುಗಳ ಸಂಖ್ಯೆಗಳೇ ಬದಲಾಗಿವೆ. ಸಂಬಳದ ಮೇಲೆ ಒಬ್ಬರಿದ್ದಿದ್ದರೆ ಒಂದು ವಾರದಲ್ಲಿ ಹೊಸ ಹಾಳೆ ಸಿದ್ಧವಾಗುತ್ತಿತ್ತು.

ಕಂಪನಿಗಳ ಸಾಮಾಜಿಕ ಹೊಣೆಗಾರಿಕೆಯ ಹಣದ ಬಗ್ಗೆ ಒಂದು ತಪ್ಪು ತಿಳಿವಳಿಕೆ ಇದೆ, ಅದನ್ನು ಇಲ್ಲಿ ಹೇಳುವುದು ಒಳ್ಳೆಯದು. 2013ರ ಕಂಪನಿಗಳ ಕಾಯ್ದೆಯಂತೆ ನಿಗದಿತ ಗಾತ್ರಕ್ಕೆ ಮೇಲ್ಪಟ್ಟ ಕಂಪನಿಗಳು ಹಿಂದಿನ ಮೂರು ವರ್ಷದ ಸರಾಸರಿ ನಿವ್ವಳ ಲಾಭದಲ್ಲಿ ಶೇ 2ರಷ್ಟನ್ನು ಇಂಥ ಕೆಲಸಕ್ಕೆ ಖರ್ಚು ಮಾಡಬೇಕು, ಅದರಲ್ಲಿ ಆಡಳಿತ ವೆಚ್ಚ ಶೇ 5 ಮೀರಬಾರದು. ಈ ಶೇ 5ನ್ನು ತೋರಿಸಿಯೇ ಸಂಬಳ ಎಂಬ ಪದ ಕೇಳಿದೊಡನೆ ಕಡತ ಮುಚ್ಚುತ್ತಾರೆ. ಆದರೆ 2021ರಲ್ಲಿ ತಿದ್ದಿದ ನಿಯಮಗಳಲ್ಲಿ, ಒಂದು ಯೋಜನೆಯ ರೂಪಣೆ, ಅನುಷ್ಠಾನ, ಮೇಲ್ವಿಚಾರಣೆಗೆ ನೇರವಾಗಿ ತಗಲುವ ಖರ್ಚು ಆಡಳಿತ ವೆಚ್ಚವಲ್ಲ ಎಂದು ಬರೆದಿದೆ. ಹದಿನಾಲ್ಕು ಶಾಲೆ ಸುತ್ತುವವಳ ಸಂಬಳ ಅನುಷ್ಠಾನವಲ್ಲದೆ ಮತ್ತೇನು? ಶಾಲೆಯ ಕಾರ್ಯಕ್ರಮದಲ್ಲಿ ಶಾಲೆಗೆ ಹೋಗುವವರೇ ಕಾರ್ಯಕ್ರಮ. ಸಂಘಕ್ಕೆ ಸರಿಯಾದ ನೋಂದಣಿ ಇರಬೇಕು, ಲೆಕ್ಕ ಪರಿಶೋಧನೆಯಾಗಬೇಕು. ವಕೀಲರಿಗೆ ಅದನ್ನು ನಾನು ಹೇಳಿಕೊಡಬೇಕಾಗಿಲ್ಲ.

ಸರ್ಕಾರದ ಕಡೆಯಿಂದ ನೋಡಿದರೆ, ಕಾನೂನು ಸೇವೆಗಳ ಪ್ರಾಧಿಕಾರಗಳ ಕಾಯ್ದೆ ಬಂದದ್ದು 1987ರಲ್ಲಿ, ಜಾರಿಯಾದದ್ದು 1995ರ ನವೆಂಬರ್ 9ರಂದು. ಜನರಲ್ಲಿ ಕಾನೂನು ಸಾಕ್ಷರತೆ ಹರಡುವುದು ಆ ಕಾಯ್ದೆ ಪ್ರಾಧಿಕಾರಕ್ಕೆ ವಹಿಸಿದ ಕೆಲಸಗಳಲ್ಲೊಂದು. ರಾಷ್ಟ್ರ, ರಾಜ್ಯ, ಜಿಲ್ಲೆ ಮೂರೂ ಮಟ್ಟದಲ್ಲಿ ಅದಕ್ಕೆ ನಿಧಿಯಿದೆ. ತಾಲ್ಲೂಕು ಸಮಿತಿಗೆ ಹಿರಿಯ ನ್ಯಾಯಾಧೀಶರೇ ಅಧ್ಯಕ್ಷರು. ಶಾಲೆಗಳಲ್ಲಿ ಕಾನೂನು ಸಾಕ್ಷರತಾ ಕ್ಲಬ್‌ಗಳೂ ಕಾಗದದ ಮೇಲಾದರೂ ಇವೆ, ವಕೀಲರಲ್ಲದಿದ್ದರೂ ತರಬೇತಿ ಪಡೆದು ಜನರಿಗೆ ಕಾನೂನಿನ ದಾರಿ ತೋರಿಸುವ ಅರೆ ಕಾನೂನು ಸ್ವಯಂಸೇವಕರೂ ಇದ್ದಾರೆ. ಆದರೆ ಸ್ವಯಂಸೇವಕರಿಗೆ ಗೌರವಧನ ಸಿಗುವುದು ಕೆಲಸ ಮಾಡಿದ ದಿನಕ್ಕೆ. ದಿನದ ಲೆಕ್ಕದಲ್ಲಿ ಕಾರ್ಯಕ್ರಮ ನಡೆಸಬಹುದು, ಮಂಗಳವಾರದ ಡಬ್ಬಿ ತೆರೆಯಲಾಗದು. ಪ್ರಾಧಿಕಾರ, ವಕೀಲರ ಸಂಘ, ಶಿಕ್ಷಣ ಇಲಾಖೆ ಮೂರೂ ಕುಳಿತು ಒಬ್ಬ ಸಂಯೋಜಕರ ಪೂರ್ಣ ಸಂಬಳವನ್ನು ಹಂಚಿಕೊಂಡರೆ ಯಾರಿಗೂ ಹೊರೆಯಾಗುವ ಮೊತ್ತವಲ್ಲ.

ವಕೀಲರ ಕಲ್ಯಾಣ ನಿಧಿಯಿಂದ ಕೊಡಲಿ ಎಂದು ಯಾರೋ ಸೂಚಿಸಿದ್ದು ಕೇಳಿದ್ದೇನೆ. ಬೇಡ. ವಕಾಲತ್ತಿಗೆ ಅಂಟಿಸುವ ಆ ಸ್ಟಾಂಪಿನ ಹಣ ವಕೀಲರ ಕಷ್ಟಕಾಲಕ್ಕೆ, ಅವರ ಕುಟುಂಬಕ್ಕೆ ಇರುವುದು. ಕೆನಡಾದ ಬ್ರಿಟಿಷ್ ಕೊಲಂಬಿಯಾದಲ್ಲಿ 1969ರಲ್ಲೇ ಒಂದು ಜಾಣ ದಾರಿ ಕಂಡುಕೊಂಡರು. ಕಕ್ಷಿದಾರರ ಪರವಾಗಿ ವಕೀಲರು ಬ್ಯಾಂಕಿನಲ್ಲಿಡುವ ಹಣದ ಬಡ್ಡಿಯನ್ನು ಒಂದು ಪ್ರತಿಷ್ಠಾನಕ್ಕೆ ತಂದು, ಅದರಿಂದ ಕಾನೂನು ನೆರವು, ಕಾನೂನು ಶಿಕ್ಷಣ ನಡೆಸುವ ದಾರಿ. ಅಮೆರಿಕದಲ್ಲಿ ಫ್ಲೋರಿಡಾ 1981ರಲ್ಲಿ ಆರಂಭಿಸಿತು, ಬಳಿಕ ಉಳಿದ ರಾಜ್ಯಗಳು ಹಿಂಬಾಲಿಸಿದವು. ಅಂಥ ಖಾತೆಗಳ ಏರ್ಪಾಡು ನಮ್ಮಲ್ಲಿಲ್ಲ, ಆದ್ದರಿಂದ ಅದನ್ನು ಹಾಗೇ ಎತ್ತಿ ತರಲಾಗದು. ಒಳಗಿನ ಉಪಾಯವನ್ನು ಮಾತ್ರ ನೋಡಿ: ಅಲ್ಲಿ ಹಣ ಯಾರ ಒಳ್ಳೆಯ ಮನಸ್ಸಿಗೂ ಕಾಯುವುದಿಲ್ಲ. ನಮ್ಮಲ್ಲಿ ಆರು ಮಂದಿಯ ಒಳ್ಳೆಯ ಮನಸ್ಸು ಎರಡು ವರ್ಷ ನಾಲ್ಕು ತಿಂಗಳಿಗೆ ಮುಗಿಯಿತು.

ಸಂಬಳ ಕೊಟ್ಟರೆ ಸಾಲದು ಎಂಬುದನ್ನೂ ಒಪ್ಪುತ್ತೇನೆ. ನಮ್ಮ ಪೋಷಕರ ಸಭೆಗೆ ಬಂದ ವಕೀಲರೊಬ್ಬರು ಮಾತು ಮುಗಿಸಿ ಎಲ್ಲರಿಗೂ ತಮ್ಮ ವಿಸಿಟಿಂಗ್ ಕಾರ್ಡ್ ಹಂಚಿದ್ದನ್ನು ಕಂಡಿದ್ದೇನೆ. ವಕೀಲರು ಹೀಗೆ ಪ್ರಚಾರ ಮಾಡಿ ಕೆಲಸ ಹುಡುಕುವುದನ್ನು ಭಾರತೀಯ ವಕೀಲರ ಪರಿಷತ್ತಿನ 36ನೇ ನಿಯಮ ನಿಷೇಧಿಸುತ್ತದೆ. ಆ ದಿನ ಅವರ ಹಿಂದೆಯೇ ಹೋಗಿ, ನಗುತ್ತಲೇ ಅಷ್ಟೂ ಕಾರ್ಡುಗಳನ್ನು ವಾಪಸ್ ಪಡೆದು ಬಂದವಳು ನಮ್ಮ ಸಂಯೋಜಕಿ. ತನಗಿಂತ ಇಪ್ಪತ್ತು ವರ್ಷ ಹಿರಿಯ ವಕೀಲರಿಗೆ ಹಾಗೆ ಹೇಳುವ ಧೈರ್ಯ ಅವಳಿಗೆ ಬಂದದ್ದು ಅದು ಅವಳ ಉದ್ಯೋಗವಾಗಿದ್ದರಿಂದ. ಪುಕ್ಕಟೆ ಬಂದವಳಾಗಿದ್ದರೆ ಸುಮ್ಮನಿರುತ್ತಿದ್ದಳು.

ಆದ್ದರಿಂದ ಸಂಘದ ಐವರು ಸಮಿತಿ ಸದಸ್ಯರಲ್ಲಿ ನನ್ನ ವಿನಂತಿ ಇಷ್ಟು. ಉದ್ಘಾಟನೆಯನ್ನು ಮುಂದೂಡಿ, ವಾಯಿದೆ ಕೇಳುವುದು ನಿಮಗೆ ಹೊಸದಲ್ಲ. ಬ್ಯಾನರ್, ಪುಸ್ತಿಕೆ, ಸಮಾರಂಭಕ್ಕೆಂದು ಬಂದ ಹಣವನ್ನು ದಾನಿಗಳ ಒಪ್ಪಿಗೆ ಪಡೆದು ಒಂದೆಡೆ ಇಡಿ. ಕನಿಷ್ಠ ಮೂರು ವರ್ಷದ ಸಂಬಳಕ್ಕೆ ಬರವಣಿಗೆಯಲ್ಲಿ ಖಾತ್ರಿ ಸಿಗುವವರೆಗೆ ಶಾಲೆಗಳಿಗೆ ಫೋನ್ ಮಾಡಬೇಡಿ. ಎಲ್ಲ ಶಾಲೆಗಳನ್ನೂ ಒಮ್ಮೆಗೇ ಹಿಡಿಯುವ ಹುಮ್ಮಸ್ಸು ಬೇಡ. ಒಬ್ಬರಿಗೆ ಹದಿನಾಲ್ಕೇ ಹೆಚ್ಚಾಗಿತ್ತು, ಹತ್ತು ಸಾಕು. ನೇಮಿಸುವಾಗ ಒಳ್ಳೆಯ ಭಾಷಣಕಾರರನ್ನು ಹುಡುಕಬೇಡಿ, ಚೀಟಿ ಓದಿ ಬಾಯಿ ಮುಚ್ಚಿಕೊಂಡಿರಬಲ್ಲವರನ್ನು ಹುಡುಕಿ. ಬಸ್ ಖರ್ಚನ್ನು ತಿಂಗಳು ಮುಗಿದೊಡನೆ ಕೊಡಿ. ಅವಳಿಗೆ ಅದು ಮೂರು ತಿಂಗಳಿಗೊಮ್ಮೆ ಸಿಗುತ್ತಿತ್ತು, ಅದನ್ನು ಅವಳು ಯಾರಿಗೂ ಹೇಳಲಿಲ್ಲ, ನನಗೆ ತಿಳಿದದ್ದು ಅವಳು ಬಿಟ್ಟ ಮೇಲೆ.

ಆ ತಗಡಿನ ಡಬ್ಬಿ ನನ್ನ ಮನೆಯಲ್ಲಿದೆ, ಕೀಲಿ ಅದೇ ಲಕೋಟೆಯಲ್ಲಿದೆ. ಚೀಟಿಗಳನ್ನು ನಾನು ಇಟ್ಟುಕೊಂಡಿಲ್ಲ, ಸುಟ್ಟಿದ್ದೇನೆ. ಅವಳ ಉದ್ದನೆಯ ನೋಟ್‌ಬುಕ್ಕೂ ಅವಳು ಬರೆದ ಇಪ್ಪತ್ತೆರಡು ಪಾಠದ ಹಾಳೆಗಳೂ ಇವೆ; ಕಲಮುಗಳ ಸಂಖ್ಯೆಯನ್ನು ಹೊಸ ಸಂಹಿತೆಗೆ ತಕ್ಕಂತೆ ತಿದ್ದಿದರೆ ಸಾಕು, ಉಪಯೋಗಕ್ಕೆ ಬರುತ್ತವೆ. ಸಂಘ ಯಾರನ್ನಾದರೂ ನೇಮಿಸಿದ ದಿನ ನಿಮ್ಮ ಕಚೇರಿಯ ಮೂಲಕ ನನಗೆ ಒಂದು ಮಾತು ತಿಳಿಸಿದರೆ ಎಲ್ಲವನ್ನೂ ನಾನೇ ತಂದು ಒಪ್ಪಿಸುತ್ತೇನೆ. ಡಬ್ಬಿಯ ಬೀಗಕ್ಕೆ ಸ್ವಲ್ಪ ತುಕ್ಕು ಹಿಡಿದಿದೆ, ಎಣ್ಣೆ ಬಿಟ್ಟಿದ್ದೇನೆ, ತೆರೆಯುತ್ತದೆ.

ಇತಿ,
ನಿವೃತ್ತ ಸಮಾಜ ವಿಜ್ಞಾನ ಶಿಕ್ಷಕಿ
(ಹೆಸರು, ವಿಳಾಸ ಸಂಪಾದಕರಿಗೆ ತಿಳಿಸಿದ್ದೇನೆ)